ಮೊದಲ ಸುತ್ತು

ಕೌದಿ ಹೊಲಿಯೋದು ಕಲಿಸಿ ಅಂತ ದುಂಬಾಲು ಬಿದ್ದಿದ್ದ ಮೂವರೂ ಮೊದಲ ಭಾನುವಾರ ನಮ್ಮ ಬೆಂಗಳೂರಿನ ತಾರಸಿಗೆ ಬಂದಾಗ ಕೈತುಂಬ ಹೊಸ ಬಟ್ಟೆ ಇತ್ತು. ಚಿಕ್ಕಪೇಟೆಯದು, ಬಣ್ಣಕ್ಕೆ ಬಣ್ಣ ಹೊಂದಿಸಿ ತಂದದ್ದು. ಒಬ್ಬಳ ಚೀಲದಲ್ಲಿ ಪಿಜ್ಜಾ ಕೊಯ್ಯುವ ಚಕ್ರದಂಥದೊಂದು ಕಟರ್ ಬೇರೆ. "ಮನೇಲಿ ಹಳೇ ಸೀರೆ ಇಲ್ವಾ?" ಎಂದೆ. ಮೂವರೂ ಮುಖ ಮುಖ ನೋಡಿಕೊಂಡರು.

ಹೊಸ ಬಟ್ಟೆಯ ಗಂಜಿ ಎಂಥದೆಂದರೆ ನಾಲ್ಕು ಪದರ ಸೇರಿದರೆ ಸೂಜಿಯೇ ಮಣಿಯುತ್ತದೆ. ಅರ್ಧ ಗಂಟೆಗೆ ಮೂವರೂ ಬೆರಳು ಚೀಪುತ್ತಿದ್ದರು. ಮುಂದಿನ ವಾರ ಒಗೆದೊಗೆದು ಮೆತ್ತಗಾದ ನನ್ನ ಇಳಕಲ್ಲ ಸೀರೆಯನ್ನೇ ಹಾಸಿದೆ. 6 ಗಜವೆಂದರೆ 18 ಅಡಿ. ಮೂರು ಪದರ ಮಾಡಿದರೆ 6 ಅಡಿ ಉದ್ದ, ಹೆಚ್ಚುಕಡಿಮೆ 4 ಅಡಿ ಅಗಲ. ಒಬ್ಬರು ಕಾಲು ಚಾಚಿ ಮಲಗಬಹುದು. ಅಳತೆಯನ್ನು ನೇಕಾರನೇ ಹಾಕಿಟ್ಟಿರುವಾಗ ಕಟರ್ ಯಾಕೆ?

ಮೂಲೆಗೊಂದು ಕಲ್ಲಿಟ್ಟು, ಕಚ್ಚಾ ಹೊಲಿಗೆ ಹಾಕಿ, ಮೇಲೆ ಖಣದ ತುಂಡುಗಳನ್ನು ಹರಡಿಕೊಂಡೆವು. ದಾರ ಎರಡು ಮೊಳ ಮೀರಬಾರದು, ಸಿಕ್ಕಾಗುತ್ತದೆ. ಗಂಟು ಪದರದೊಳಗೆ ಅಡಗಬೇಕು. ಸೂಜಿಗೆ ನಾಲ್ಕೈದು ಹೊಲಿಗೆ ಏರಿಸಿಕೊಂಡು ಒಮ್ಮೆಗೇ ಎಳೆಯಬೇಕು. ಬಿಗಿದೆಳೆದರೆ ಬಟ್ಟೆ ಸುಟ್ಟ ಹಪ್ಪಳದಂತೆ ಸೊಟ್ಟಗಾಗುತ್ತದೆ. ಇಷ್ಟನ್ನು ಯಾರು ಬೇಕಾದರೂ ಒಂದು ಬೆಳಗಿನಲ್ಲಿ ಕಲಿತಾರು.

ಪೇಚು ಇರುವುದು ಬೇರೆ ಕಡೆ. ಕೌದಿಯ ಹೊಲಿಗೆ ಅಂಚಿನಲ್ಲಿ ಶುರುವಾಗಿ, ಬೆರಳಗಲ ಬಿಟ್ಟು ಬಿಟ್ಟು, ಸುತ್ತು ಸುತ್ತಾಗಿ ನಡುವಿಗೆ ಬರುತ್ತದೆ. ಹೀಗಾಗಿ ಕಲಿಯುವವರ ಸೊಟ್ಟಂಬಟ್ಟ ಹೊಲಿಗೆಯೆಲ್ಲ ಊರಿಗೆಲ್ಲ ಕಾಣುವ ಅಂಚಿನಲ್ಲಿ, ಕೈ ಕುದುರಿದ ಮೇಲಿನ ಚೆಂದದ ಹೊಲಿಗೆಯೆಲ್ಲ ಮಲಗಿದವರ ಬೆನ್ನಡಿ! ಹಳಿಯಾಳ, ಯಲ್ಲಾಪುರದ ಕಡೆಯ ಸಿದ್ದಿ ಹೆಂಗಸರೂ ಕವಂದಿ ಎಂಬ ತಮ್ಮ ಕೌದಿಯನ್ನು ಹೀಗೆಯೇ ಅಂಚಿನಿಂದ ಒಳಕ್ಕೆ ಹೊಲಿಯುತ್ತಾರೆ. ಆದರೆ ನಾಲ್ಕೂ ಮೂಲೆಗೆ ಮಡಚಿದ ಮುಕ್ಕೋನದ ತುಂಡುಗಳನ್ನಿಟ್ಟು ಅದನ್ನು 'ಫುಲಾ', ಅಂದರೆ ಹೂ, ಎನ್ನುತ್ತಾರೆ. ಅಂದಕ್ಕೆ ಇಡುವುದೇನೋ ನಿಜ. ಹೊಸಬರ ಮೂಲೆ ಮುಚ್ಚುವುದಕ್ಕೂ ಆದೀತೆಂದು ನನ್ನ ಗುಮಾನಿ.

ಕಟರ್ ತಂದಿದ್ದ ಹುಡುಗಿ ಮೂರನೇ ಸುತ್ತಿಗೆ ಬಂದವಳೇ ಮೊದಲ ಸುತ್ತನ್ನು ತಿರುಗಿ ನೋಡಿ, "ಆಂಟಿ, ಇದನ್ನ ಪೂರ್ತಿ ಬಿಚ್ಚಿಬಿಡ್ತೀನಿ" ಎಂದು ಕತ್ತರಿಗೆ ಕೈ ಹಾಕಿದಳು. ಧಾರವಾಡದ ನಮ್ಮ ಆಯಿ ಇದ್ದಿದ್ದರೆ ಕತ್ತರಿಯನ್ನು ಕಸಿದೇ ಬಿಡುತ್ತಿದ್ದಳು. "ಬಿಚ್ಚಬ್ಯಾಡ, ಮುಂದ ನಡಿ" ಎನ್ನುವುದಷ್ಟೇ ಅವಳ ಪಾಠ. ನಾನು ಒಳಗೆ ಹೋಗಿ ಆಯಿಯ ಕೌದಿ ತಂದು ಹಾಸಿದೆ. ನಡುವೆಲ್ಲ ಎಳ್ಳು ಚೆಲ್ಲಿದಂಥ ಹೊಲಿಗೆ. ಒಂದು ಮೂಲೆಯಲ್ಲಿ ಮಾತ್ರ ಗೇಣುದ್ದ ಜಾಗದಲ್ಲಿ ಕುಂಟುತ್ತ ಹೋದ ಏಳೆಂಟು ಉದ್ದುದ್ದ ಹೊಲಿಗೆ: ನಾನು ಒಂಬತ್ತು ವರ್ಷದವಳಿದ್ದಾಗ ಹಾಕಿದ್ದು.

ಹುಡುಗಿ ಬಗ್ಗಿ, ಉಗುರಿನಿಂದ ಒಂದೊಂದನ್ನೇ ಅಳೆದಳು. ತನ್ನ ಅಂಚನ್ನು ಪಕ್ಕಕ್ಕೆ ಎಳೆದುಕೊಂಡು ಹೋಲಿಸಿದಳು.

"ನಿಮ್ದು ನಂದಕ್ಕಿಂತ ಕೆಟ್ಟದಾಗಿದೆ" ಎಂದು, ಸಮಾಧಾನದಿಂದ ದಾರದ ತುದಿಯನ್ನು ಬಾಯಲ್ಲಿ ಒದ್ದೆ ಮಾಡಿಕೊಂಡಳು.