36 ದಿನದ ಪಟ್ಟ

ಹಿರಿತನದ ರೂಢಿ ತಪ್ಪದಿದ್ದರೆ 2027ರ ಸೆಪ್ಟೆಂಬರಿನಲ್ಲಿ ನಮ್ಮ ಬಿ.ವಿ. ನಾಗರತ್ನ ಅವರು ಭಾರತದ ಮೊದಲ ಮಹಿಳಾ ಮುಖ್ಯ ನ್ಯಾಯಮೂರ್ತಿ ಆಗುತ್ತಾರೆ. ಎಷ್ಟು ಕಾಲ? ಬರೀ 36 ದಿನ. ಅದರ ನಡುವೆ ದಸರಾ ರಜೆ ಬೇರೆ!

ಅವರ ತಂದೆ ಇ.ಎಸ್. ವೆಂಕಟರಾಮಯ್ಯನವರು ಅದೇ ಕುರ್ಚಿಯಲ್ಲಿದ್ದ 1989ರಲ್ಲೇ ಫಾತಿಮಾ ಬೀವಿ ಸುಪ್ರೀಂ ಕೋರ್ಟಿನ ಮೊದಲ ಮಹಿಳಾ ನ್ಯಾಯಮೂರ್ತಿಯಾದದ್ದು. ಆ ಹೊತ್ತಿಗೆ ಕೋರ್ಟು ಶುರುವಾಗಿ 39 ವರ್ಷ ಕಳೆದಿತ್ತು.

ಅಲ್ಲಿ 65ಕ್ಕೆ ನಿವೃತ್ತಿ. ಚಿಕ್ಕ ವಯಸ್ಸಿಗೇ ಒಳಗೆ ಹೋದವರಿಗಷ್ಟೇ ಪಟ್ಟದ ಸರದಿ ಬರುತ್ತದೆ. ಹೆಣ್ಣುಮಕ್ಕಳನ್ನೋ, ಹೈಕೋರ್ಟಿಗೆ ಕರೆಯುವುದೇ ತಡವಾಗಿ. ಅದಕ್ಕೂ ಮೊದಲು ಹೆಸರು ತರುವಂಥ ಕೇಸು ಕೈಗೆ ಸಿಗಬೇಕಲ್ಲ? ಬೆಳಗಿನಿಂದ ಫೈಲು ಹಿಡಿದು ನಿಂತ ವಕೀಲೆಯನ್ನೇ ಕಕ್ಷಿದಾರ ಕೇಳುತ್ತಾನೆ: “ಮೇಡಂ, ಲಾಯರ್ ಸಾಹೇಬ್ರು ಇನ್ನೂ ಬಂದಿಲ್ವಾ?”

ಹೋಗಲಿ, ನ್ಯಾಯಮೂರ್ತಿಗಳ ವಿಷಯದಲ್ಲಿ ಹಿರಿತನದ ನೆಪವಾದರೂ ಇದೆ ಅನ್ನೋಣ. ಅಟಾರ್ನಿ ಜನರಲ್ ಹುದ್ದೆಗೆ ಸರದಿಯೂ ಇಲ್ಲ, 65ರ ಗಡಿಯೂ ಇಲ್ಲ. ಸರ್ಕಾರ ಮನಸ್ಸು ಮಾಡಿದರೆ ನಾಳೆಯೇ ನೇಮಿಸಬಹುದು. 1950ರಿಂದ ಅಲ್ಲಿಗೆ ಒಬ್ಬ ಮಹಿಳೆಯೂ ಬಂದಿಲ್ಲ.