ಏರಿಳಿಯದ ಏರಿಯಲ್ಲು

ಮೋಟಾರು ಗಾಡಿಗೆ ಮುಪ್ಪು ಬಂದಾಗ ಅದು ಮೊದಲು ಎಂಜಿನ್ನಿನಲ್ಲಿ ಕಾಣಿಸಿಕೊಳ್ಳುವುದೆಂದು ಬಹಳ ಮಂದಿ ನಂಬಿದ್ದಾರೆ. ಹಳೆಯ ಗಾಡಿಯನ್ನು ಮನೆಯಲ್ಲಿಟ್ಟು ಸಾಕಿದವರು ಈ ಮಾತನ್ನು ಒಪ್ಪುವುದಿಲ್ಲ. ಎಂಜಿನ್ನು ಗಟ್ಟಿ ಜೀವ. ಹೊತ್ತಿಗೆ ಸರಿಯಾಗಿ ಎಣ್ಣೆ ನೀರು ಕಂಡರೆ ಅದು ಒಡೆಯನಿಗಿಂತ ಹೆಚ್ಚು ಕಾಲ ಬಾಳೀತು. ಮುಪ್ಪು ಮೊದಲು ಹಿಡಿಯುವುದು ಷೋಕಿಯ ಅಂಗಗಳನ್ನು. ಗುಂಡಿ ಒತ್ತಿದರೆ ಇಳಿಯುವ ಗಾಜು, ಎದುರಿನ ಹಲಗೆಯ ಪುಟ್ಟ ಗಡಿಯಾರ, ಮತ್ತು ಎಲ್ಲಕ್ಕಿಂತ ಮೊದಲು, ರೇಡಿಯೊ ಹಾಕಿದೊಡನೆ ತಾನಾಗಿ ಮೇಲೇಳುವ ಏರಿಯಲ್ಲು.

ಇಂದಿನ ಮಕ್ಕಳಲ್ಲಿ ಇದನ್ನು ಕಂಡವರು ವಿರಳ. ಈಗಿನ ಕಾರುಗಳ ನೆತ್ತಿಯ ಮೇಲೆ ಮೀನಿನ ಈಜುರೆಕ್ಕೆಯಂಥ ಒಂದು ಮೊಟ್ಟು ಇರುತ್ತದೆ. ಕೆಲವದರಲ್ಲಿ ಅದೂ ಇಲ್ಲ, ಹಿಂದಿನ ಗಾಜಿನೊಳಗೆ ಕೂದಲೆಳೆಯಂಥ ಗೆರೆಗಳಷ್ಟೆ. ಹಿಂದೆ ಹೀಗಿರಲಿಲ್ಲ. ಮಡ್‌ಗಾರ್ಡಿನ ಮೇಲೆ ಹೊಳೆಯುವ ಒಂದು ಗುಂಡಿ ಮಾತ್ರ ಕಾಣುತ್ತಿತ್ತು. ರೇಡಿಯೊ ತಿರುಗಿಸಿದರೆ ಒಳಗೆಲ್ಲೋ ಝುಯ್ ಎಂಬ ಸದ್ದಾಗಿ, ಬಸವನಹುಳು ಕೊಂಬು ಚಾಚಿದಂತೆ ಒಂದರೊಳಗಿಂದ ಒಂದು ನಳಿಗೆ ಹೊರಬಂದು, ಎದೆಯೆತ್ತರದ ಉಕ್ಕಿನ ಕೋಲಾಗಿ ನಿಲ್ಲುತ್ತಿತ್ತು. ಆರಿಸಿದರೆ ಮತ್ತೆ ಒಳಕ್ಕೆ. ಬೀದಿಯ ಹುಡುಗರಿಗೆ ಅದನ್ನು ನೋಡುವುದೇ ಒಂದು ಹಬ್ಬ. ಕಾರ್ಖಾನೆಯಲ್ಲೇ ಇದನ್ನು ಕೂರಿಸಿ ಕಳುಹಿಸುತ್ತಿದ್ದ ಗಾಡಿಗಳು ನಮ್ಮ ದೇಶದಲ್ಲಿ ಕಡಮೆ. ಮನಸ್ಸಿದ್ದವರು ಆಮೇಲೆ ಹಾಕಿಸಿಕೊಳ್ಳುತ್ತಿದ್ದರು.

ನಮ್ಮ ಮಾವನವರ ಕಾಂಟೆಸಾ ಗಾಡಿಯ ಮೊದಲ ಒಡೆಯ ಅಂಥ ಮನಸ್ಸಿದ್ದವನು. ಜಪಾನಿನಲ್ಲಿ ತಯಾರಾದ ಏರಿಯಲ್ಲೊಂದನ್ನು ಹಿಂದಿನ ಮಡ್‌ಗಾರ್ಡಿಗೆ ತೂತು ಕೊರೆಸಿ ಕೂರಿಸಿದ್ದನು. ಕಾಂಟೆಸಾ ಎಂದರೆ ಹಿಂದೂಸ್ತಾನ್ ಮೋಟಾರ್ಸಿನವರು ಬಂಗಾಳದ ಉತ್ತರಪಾರಾದಲ್ಲಿ ೧೯೮೪ರಿಂದ ೨೦೦೨ರವರೆಗೆ ತಯಾರಿಸಿದ ಗಾಡಿ. ಮೈಕಟ್ಟು ಇಂಗ್ಲೆಂಡಿನ ವಾಕ್ಸ್‌ಹಾಲ್ ಕಾರಿನದು, ಎದೆಗುಂಡಿಗೆ ಮುಂದೆ ಜಪಾನಿನ ಇಸುಜು ಎಂಜಿನ್ನಿನದು. ಅಂಬಾಸಡರಿನ ಪಕ್ಕದಲ್ಲಿ ಅದು ಮದುವೆಮನೆಯ ಹಿರಿಯ ಬೀಗರಂತೆ ಕಾಣುತ್ತಿತ್ತು. ಮಾವನವರ ಗಾಡಿ ೧೯೯೧ರದು; ಅವರು ಅದನ್ನು ೧೯೯೬ರಲ್ಲಿ ಎರಡನೆಯ ಕೈಯಲ್ಲಿ ಕೊಂಡರು. ವಿದ್ಯುಚ್ಛಕ್ತಿ ಮಂಡಳಿಯಲ್ಲಿ ಎಂಜಿನಿಯರಾಗಿದ್ದ ಅವರು ನಿವೃತ್ತರಾಗಲು ಆಗ ಮೂರು ವರ್ಷ ಉಳಿದಿತ್ತು.

ಈಗ ಅವರಿಗೆ ಎಂಬತ್ತನಾಲ್ಕು. ಗ್ಲಾಕೋಮಾ ಎಂಬ ಕಣ್ಣಿನ ರೋಗ ಅವರ ನೋಟವನ್ನು ಸುತ್ತಲಿಂದ ಒತ್ತಿ ಒತ್ತಿ ಒಂದು ಕಿಂಡಿಯಷ್ಟಕ್ಕೆ ಇಳಿಸಿದೆ. ಗಾಡಿ ನಡೆಸುವುದನ್ನು ಅವರು ತಾವಾಗಿಯೇ ಬಿಟ್ಟರು, ಯಾರಿಂದಲೂ ಹೇಳಿಸಿಕೊಳ್ಳಲಿಲ್ಲ. ಪತ್ರಿಕೆ ಓದುವುದು ಅದರ ಮುಂದಿನ ವರ್ಷ ನಿಂತಿತು. ಉಳಿದದ್ದು ಸಂಜೆಯ ಒಂದು ಗಂಟೆ. ಹಜಾರದಲ್ಲಿ ದೂರದರ್ಶನದ ಧಾರಾವಾಹಿಗಳು ಅಳತೊಡಗಿದಾಗ ಅವರು ಗೋಡೆ ಹಿಡಿದು ಪೋರ್ಟಿಕೋಗೆ ಬಂದು, ಕಾರಿನ ಬಾಗಿಲು ತೆರೆದು, ಚಕ್ರದ ಹಿಂದಿನ ತಮ್ಮ ಹಳೆಯ ಆಸನದಲ್ಲಿ ಕುಳಿತು ರೇಡಿಯೊ ಹಾಕುತ್ತಾರೆ. ವಾರ್ತೆ, ಆಮೇಲೆ ವಿವಿಧ ಭಾರತಿಯ ಹಾಡುಗಳು. ಮನೆಯಲ್ಲಿ ಅವರಿಗೆ ಒಂದು ಕೋಣೆಯಿದೆ, ಮಂಚವಿದೆ, ಫ್ಯಾನಿದೆ. ಆದರೆ ಅವರದೇ ಆದ ಜಾಗವೆಂದರೆ ಈ ಕಾರಿನ ಒಳಗು ಎಂದು ನನಗೆ ಅನೇಕ ಸಲ ಅನ್ನಿಸಿದೆ.

ಅವರು ಮೈಸೂರಿನವರೆಂಬುದನ್ನೂ ಇಲ್ಲಿ ಹೇಳಬೇಕು. ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರ ಬೋಧಿಸುತ್ತಿದ್ದ ಎಂ. ವಿ. ಗೋಪಾಲಸ್ವಾಮಿಯವರು ೧೯೩೫ರಲ್ಲಿ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರವೊಂದನ್ನು ಆರಂಭಿಸಿ ಅದಕ್ಕೆ 'ಆಕಾಶವಾಣಿ' ಎಂಬ ಹೆಸರಿಟ್ಟ ಊರು ಅದು. ಆ ಹೆಸರನ್ನು ಮುಂದೆ ಇಡೀ ದೇಶವೇ ಎತ್ತಿಕೊಂಡಿತು. ಮಾವನವರ ತಲೆಮಾರಿನ ಮೈಸೂರಿಗರು ಬಾನುಲಿಯನ್ನು ತಮ್ಮ ಕೇರಿಯ ಕೂಸಿನಂತೆ ಕಂಡವರು. ಅದರ ವಿಷಯದಲ್ಲಿ ಅವರ ಅಭಿಮಾನವನ್ನು ಅಲ್ಲಾಡಿಸುವುದು ಕಷ್ಟ.

ಹೀಗಿರುತ್ತ ಏರಿಯಲ್ಲು ಕೆಟ್ಟಿತು. ಕೆಲವು ವಾರಗಳಿಂದ ಅದು ಏರುವಾಗ ನಡುವೆ ತಡೆದು, ಉಸಿರು ತೆಗೆದುಕೊಂಡು, ಮತ್ತೆ ಏರುತ್ತಿತ್ತು. ಬಡಾವಣೆಯ ಒಂದು ಸರ್ವಿಸ್ ಅಂಗಡಿಗೆ ಗಾಡಿಯನ್ನು ತೊಳೆಯಲು ಬಿಟ್ಟಾಗ ಅಲ್ಲಿನ ಹುಡುಗನೊಬ್ಬ, ಅರ್ಧಕ್ಕೆ ನಿಂತ ಕೋಲನ್ನು ಅಂಗೈಯಿಂದ ಒತ್ತಿ ಒಳಕ್ಕೆ ತಳ್ಳಿದನು. ಅವನಿಗೆ ಅದರ ಮರ್ಮ ಹೇಳಿಕೊಟ್ಟವರಿಲ್ಲ. ಅಂದಿನಿಂದ ಮೋಟಾರು ತಿರುಗುವ ಸದ್ದು ಕೇಳಿಸುತ್ತಿತ್ತೇ ಹೊರತು ಕೋಲು ಒಂದು ಗೇಣಿಗಿಂತ ಮೇಲೇಳಲಿಲ್ಲ, ಒಳಕ್ಕೂ ಇಳಿಯಲಿಲ್ಲ. ರೇಡಿಯೊದಲ್ಲಿ ಹಾಡಿನ ಬದಲು ಹುರಿಗಡಲೆ ಹುರಿದಂಥ ಶಬ್ದ.

ಒಂದು ಗೇಣಿನ ಕೋಲಿಗೂ ಪೂರ್ತಿ ಕೋಲಿಗೂ ಅಷ್ಟೊಂದು ಅಂತರವೇಕೆಂದು ಕೇಳಬಹುದು. ಲೆಕ್ಕ ಸುಲಭ. ಬೆಂಗಳೂರಿನ ವಿವಿಧ ಭಾರತಿ ಎಫ್.ಎಂ.ನಲ್ಲಿ ೧೦೨.೯ ಮೆಗಾಹರ್ಟ್ಸ್, ಆ ಅಲೆಯ ಉದ್ದ ಸುಮಾರು ೨ ಮೀಟರು ೯೧ ಸೆಂಟಿಮೀಟರು. ನೇರವಾದ ಕೋಲು ಅಲೆಯ ಕಾಲುಭಾಗದಷ್ಟಿದ್ದರೆ, ಅಂದರೆ ೭೩ ಸೆಂಟಿಮೀಟರಿನಷ್ಟಿದ್ದರೆ, ಅದು ಅಲೆಯನ್ನು ಚೆನ್ನಾಗಿ ಹಿಡಿಯುತ್ತದೆ. ಹಳೆಯ ಮಧ್ಯಮ ತರಂಗದ ಲೆಕ್ಕ ಬೇರೆ. ನಾವೆಲ್ಲ ಬೆಂಗಳೂರು ಕೇಂದ್ರವನ್ನು ಕೇಳಿ ಬೆಳೆದ ೬೧೨ ಕಿಲೋಹರ್ಟ್ಸಿನ ಅಲೆ ೪೯೦ ಮೀಟರಿನದು; ಅದರ ಕಾಲುಭಾಗದ ಕೋಲನ್ನು ನಿಲ್ಲಿಸಬೇಕಾದರೆ ಕಾರಿನ ಮೇಲೆ ಮೂವತ್ತೈದು ಅಂತಸ್ತಿನ ಕಟ್ಟಡದಷ್ಟು ಎತ್ತರ ಬೇಕಾದೀತು. ಅಲ್ಲಿ ಕೋಲು ಸಿಕ್ಕಿದಷ್ಟನ್ನು ಹಿಡಿದು ಕೊಡುತ್ತದೆ, ಉಳಿದುದನ್ನು ರೇಡಿಯೊ ನೋಡಿಕೊಳ್ಳುತ್ತದೆ.

ಮಾವನವರು ದೂರಲಿಲ್ಲ. ಆ ಸಂಜೆಯಿಂದ ಕಾರಿಗೆ ಹೋಗುವುದನ್ನು ನಿಲ್ಲಿಸಿ ತಮ್ಮ ಮಂಚದ ಮೇಲೆ ಗೋಡೆಯ ಕಡೆ ತಿರುಗಿ ಮಲಗತೊಡಗಿದರು. ಅದನ್ನು ನೋಡುವುದು ದೂರು ಕೇಳುವುದಕ್ಕಿಂತ ಕಷ್ಟವಾಗಿತ್ತು. ನನ್ನ ಭಾವಮೈದುನ ಒಳ್ಳೆಯವನು, ಆದರೆ ಲೆಕ್ಕದವನು. ಗಾಡಿಯ ನೋಂದಣಿಯನ್ನು ಮತ್ತೆ ಐದು ವರ್ಷಕ್ಕೆ ನವೀಕರಿಸುವ ಕಾಲ ಬಂದಿತ್ತು. ಅದರ ಶುಲ್ಕ ೨೦೨೨ರಲ್ಲಿ ೬೦೦ ರೂಪಾಯಿಯಿಂದ ೫,೦೦೦ಕ್ಕೆ ಜಿಗಿದು, ಇಪ್ಪತ್ತು ವರ್ಷ ದಾಟಿದ ಕಾರುಗಳಿಗೆ ೨೦೨೫ರಲ್ಲಿ ೧೦,೦೦೦ ಆಯಿತು. "ಅಪ್ಪ ಈಗ ಅದರಲ್ಲಿ ಕೂರುವುದೂ ಇಲ್ಲ. ಕೊಟ್ಟುಬಿಡೋಣ" ಎಂದನು. ಆಕಾಶವಾಣಿಯ ಕೇಂದ್ರಗಳೆಲ್ಲ ಮೊಬೈಲಿನಲ್ಲೇ ದೊರೆಯುತ್ತವೆಂದು ಹೊಸ ಯಂತ್ರವೊಂದನ್ನೂ ತಂದನು. ದೊರೆಯುವುದು ನಿಜ. ಆದರೆ ನುಣುಪಾದ ಗಾಜಿನ ಮೇಲೆ ಕಾಣದ ಕಣ್ಣಿನವರು ಏನನ್ನು ಮುಟ್ಟಬೇಕು? ಕಾರಿನ ರೇಡಿಯೊದಲ್ಲಿ ಎಡಕ್ಕೊಂದು ಬಲಕ್ಕೊಂದು ತಿರುಗುಗುಂಡಿ. ಅವು ಮಾವನವರ ಬೆರಳುಗಳಿಗೆ ಮೂವತ್ತು ವರ್ಷದ ಪರಿಚಯ.

ಭಾನುವಾರ ಬೆಳಗ್ಗೆ ನಾನು ಅವರನ್ನು ಕೈಹಿಡಿದು ಗಾಡಿಯ ಹಿಂದೆ ಕರೆತಂದು ನಿಲ್ಲಿಸಿ, ಮಗಳಿಗೆ ರೇಡಿಯೊ ಹಾಕಲು ಹೇಳಿದೆನು. ಅವರು ಡಿಕ್ಕಿಯೊಳಗೆ ತಲೆ ಬಗ್ಗಿಸಿ ಕಿವಿಗೊಟ್ಟರು.

"ಅಳಿಯಂದಿರೆ, ಕೇಳಿಸಿತೆ? ಮೋಟಾರು ಸ್ವಸ್ಥವಾಗಿದೆ. ರಿಲೇ ಕಟ್ ಎಂದಿತು, ಅದೂ ಸರಿ. ಗೇರು ತಿರುಗುತ್ತಿದೆ, ಆದರೆ ಎಳೆಯುತ್ತಿಲ್ಲ. ಹಗ್ಗದ ಹಲ್ಲು ಹೋಗಿದೆ."

ಈ ಯಂತ್ರದ ಗುಟ್ಟೆಲ್ಲ ಅವರು ಹಗ್ಗವೆಂದ ಆ ವಸ್ತುವಿನಲ್ಲಿದೆ. ಕೋಲಿನ ಅತಿ ತೆಳ್ಳನೆಯ ಒಳನಳಿಗೆಗೆ ಗಟ್ಟಿಯಾದ ನೈಲಾನಿನ ಉದ್ದನೆಯ ದಾರವೊಂದನ್ನು ಬೆಸೆದಿರುತ್ತಾರೆ. ಅದರ ಒಂದು ಮಗ್ಗುಲಿಗೆ ಗರಗಸದಂತೆ ಹಲ್ಲುಗಳು. ಮೋಟಾರು ತಿರುಗಿಸುವ ಗೇರು ಆ ಹಲ್ಲುಗಳನ್ನು ಕಚ್ಚಿ ದಾರವನ್ನು ಮೇಲಕ್ಕೆ ನೂಕುತ್ತದೆ, ಇಲ್ಲವೆ ಕೆಳಕ್ಕೆ ಎಳೆದು ಡಬ್ಬಿಯೊಳಗೆ ಸುರುಳಿ ಸುತ್ತುತ್ತದೆ. ಕೆಡುವುದು ಎಲ್ಲಿ ಎಂಬುದನ್ನು ಕಿವಿಯೇ ಹೇಳುತ್ತದೆ. ಸದ್ದೇ ಇಲ್ಲದಿದ್ದರೆ ಫ್ಯೂಸನ್ನೋ ತಂತಿಯನ್ನೋ ಮೋಟಾರನ್ನೋ ನೋಡಬೇಕು. ಏರಿ ನಡುವೆ ನಿಂತರೆ ಕೋಲಿಗೆ ಕೊಳೆ ಹಿಡಿದಿದೆ ಅಥವಾ ಅದು ಬಾಗಿದೆ. ಸದ್ದಿದ್ದೂ ಚಲನೆಯಿಲ್ಲದಿದ್ದರೆ ದಾರ. ನಮ್ಮದರಲ್ಲಿ ಎರಡನೆಯ ರೋಗವನ್ನು ಅಲಕ್ಷಿಸಿದ್ದರಿಂದ ಮೂರನೆಯದು ಬಂದಿತ್ತು.

ಬ್ಯಾಟರಿಯ ತಂತಿ ಕಳಚುವವರೆಗೆ ಮಾವನವರು ನನ್ನನ್ನು ಮುಂದುವರಿಯಗೊಡಲಿಲ್ಲ; ಮಂಡಳಿಯ ಅಭ್ಯಾಸ. ಮಡ್‌ಗಾರ್ಡಿನ ಮೇಲಿನ ದುಂಡು ನಟ್ಟನ್ನು ನೋಸ್ ಪ್ಲೈಯರಿನಿಂದ ಬಿಚ್ಚಿ, ಡಿಕ್ಕಿಯೊಳಗಿನ ಎರಡು ಬೋಲ್ಟು ತೆಗೆದು, ಇಡೀ ಯಂತ್ರವನ್ನು ಹಳೆಯ ಪಂಚೆಯ ಮೇಲೆ ಇಳಿಸಿದೆವು. ಡಬ್ಬಿಯ ಮುಚ್ಚಳ ತೆಗೆದರೆ, ಒಂದು ಕಾಲದ ಬಿಳಿಯ ಗ್ರೀಸು ಕಾಯಿಸಿ ಬಿಟ್ಟ ಬೆಲ್ಲದ ಪಾಕದಂತೆ ಹೆಪ್ಪುಗಟ್ಟಿತ್ತು. ಅದರ ನಡುವೆ ದಾರ ಎರಡು ತುಂಡು. ಮಾವನವರು ಒಂದು ತುಂಡನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು, ಜಪಸರ ಎಣಿಸುವಂತೆ ಮೆಲ್ಲಗೆ ಎಳೆಯುತ್ತ ಹೋಗಿ ಒಂದೆಡೆ ನಿಲ್ಲಿಸಿದರು. "ಇಲ್ಲಿ. ಎಂಟೊಂಬತ್ತು ಹಲ್ಲು ಇಲ್ಲ." ಕನ್ನಡಕ ಹಾಕಿಕೊಂಡು ನೋಡಿದೆನು, ಒಂಬತ್ತು.

ಯಂತ್ರದ ಬುಡದಲ್ಲಿ ಮಳೆನೀರು ಹೊರಹೋಗಲು ಒಂದು ರಬ್ಬರು ಕೊಳವೆಯಿರುತ್ತದೆ. ಅದರ ಬಾಯಿಗೆ ಕುಂಬಾರ ಹುಳು ಮಣ್ಣು ಮೆತ್ತಿ ಸೊಗಸಾಗಿ ಸಂಸಾರ ಹೂಡಿತ್ತು. ನೀರು ಒಳಗೇ ನಿಂತು, ಕೋಲಿನ ಕಾಲಿಗೆ ತುಕ್ಕು ಹಿಡಿದು, ಏರುವಾಗ ತಡೆಯತೊಡಗಿದ್ದು ಅಲ್ಲಿಂದ. ಸರ್ವಿಸ್ ಅಂಗಡಿಯ ಹುಡುಗ ಕೊನೆಯ ಪೆಟ್ಟು ಕೊಟ್ಟವನು ಮಾತ್ರ.

ದಾರಕ್ಕಾಗಿ ಜೆ.ಸಿ. ರಸ್ತೆಯಲ್ಲಿ ಒಂದು ಮಧ್ಯಾಹ್ನ ಕಳೆದೆನು. ಬಿಡಿಭಾಗಗಳ ಆ ಬೀದಿಯಲ್ಲಿ ಎಲ್ಲರೂ ತೋರಿಸಿದ್ದು ರಬ್ಬರಿನ ಗಿಡ್ಡ ಏರಿಯಲ್ಲುಗಳನ್ನು. "ಇದನ್ನೇ ಅಂಟಿಸಿಕೊಳ್ಳಿ ಸಾರ್, ಯಾವ ತಾಪತ್ರಯವೂ ಇಲ್ಲ" ಎಂದರು. ಸಾದರ್ ಪತ್ರಪ್ಪ ರಸ್ತೆಯ ಹಿಂದಿನ ಓಣಿಯೊಂದರಲ್ಲಿ, ಬಾಗಿಲಿಗಿಂತ ಅಗಲವಲ್ಲದ ಅಂಗಡಿಯಲ್ಲಿ, ಹಳೆಯ ಟೇಪ್‌ರೆಕಾರ್ಡರುಗಳ ರಾಶಿಯ ನಡುವೆ ಕುಳಿತಿದ್ದ ವೃದ್ಧರೊಬ್ಬರು ನನ್ನ ಕೈಯ ತುಂಡನ್ನು ನೋಡಿ ಏನೂ ಮಾತಾಡದೆ ಅಟ್ಟದಿಂದ ಗೋಣಿಚೀಲವೊಂದನ್ನು ಇಳಿಸಿದರು. ಅದರ ತುಂಬ ಸತ್ತ ಏರಿಯಲ್ಲುಗಳು. ಹಲ್ಲಿಗೆ ಹಲ್ಲು ಹೊಂದಿಸಿ ನೋಡುತ್ತ ಹೋಗಿ ಆರನೆಯದರಲ್ಲಿ ಜೋಡಿ ಕೂಡಿತು, ಕೋಲೂ ನೆಟ್ಟಗಿತ್ತು. ನಾನೂರು ರೂಪಾಯಿ. ಜಾತಕಗಳು ಇಷ್ಟು ಬೇಗ ಕೂಡುವುದಿಲ್ಲ.

ಮುಂದಿನ ಭಾನುವಾರ ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಗೇರುಗಳನ್ನೆಲ್ಲ ಒರೆಸಿದೆವು. ಪೆಟ್ರೋಲು ಬೇಡವೆಂದರು ಮಾವನವರು. ಪ್ಲಾಸ್ಟಿಕ್ಕಿಗೂ ಆಗದು, ಬೆಂಕಿಯ ಭಯ ಬೇರೆ. ಒಳಗೆ ಹೊಸ ಗ್ರೀಸು ಸ್ವಲ್ಪ, ಕೋಲಿಗೆ ಮಾತ್ರ ಗ್ರೀಸಿಲ್ಲ. ಧೂಳು ಅಂಟಿ ಮತ್ತೆ ಅದೇ ಕಥೆಯಾಗುತ್ತದೆ, ತೆಳುವಾದ ಎಣ್ಣೆಯ ಕೈ ಸವರಿದರೆ ಸಾಕು. ಮಡ್‌ಗಾರ್ಡಿನ ತೂತಿನ ಒಳಅಂಚನ್ನು ಉಪ್ಪುಕಾಗದದಿಂದ ತಿಕ್ಕಿ ಲೋಹ ಹೊಳೆಯುವಂತೆ ಮಾಡಿಸಿದರು. ಏರಿಯಲ್ಲಿನ ಬುಡಕ್ಕೂ ಗಾಡಿಯ ಮೈಗೂ ಬರಿಲೋಹದ ಸಂಪರ್ಕವಿರಬೇಕು. ನಡುವೆ ತುಕ್ಕಿದ್ದರೆ ಎಷ್ಟು ಉದ್ದದ ಕೋಲಿದ್ದೂ ಕರಕರ ತಪ್ಪದು.

ದಾರ ಇಳಿಸುವ ಕೆಲಸಕ್ಕೆ ಮೂವರು ಬೇಕಾಯಿತು. ಮಗಳು ರೇಡಿಯೊದ ಬಳಿ, ನಾನು ಕೋಲು ಹಿಡಿದು, ಮಾವನವರು ಡಿಕ್ಕಿಯಲ್ಲಿ ಯಂತ್ರದ ಮೇಲೆ ಅಂಗೈಯಿಟ್ಟು. "ಹಾಕು" ಎಂದರು, ಮೋಟಾರು ಬರಿದೆ ಓಡಿ ನಿಂತಿತು. ಹಲ್ಲಿನ ಮಗ್ಗುಲು ಗೇರಿನ ಕಡೆ ಇರುವಂತೆ ನಾನು ದಾರವನ್ನು ನಳಿಗೆಯೊಳಗೆ ತಳ ಮುಟ್ಟುವವರೆಗೆ ಇಳಿಸಿದೆನು. "ಆರಿಸು." ಟರಟರ ಎಂದು ಜಾರಿತು. "ಕಾಲು ಸುತ್ತು ನಿಮ್ಮ ಕಡೆಗೆ ತಿರುಗಿಸಿ. ಹಾಕಮ್ಮ. ಇನ್ನು ಆರಿಸು." ಕೈಯಲ್ಲಿದ್ದ ದಾರಕ್ಕೆ ಒಮ್ಮೆ ಜೀವ ಬಂದಂತಾಯಿತು. ಗಾಳಕ್ಕೆ ಮೀನು ಕಚ್ಚಿದಾಗ ಬೆರಳಿಗೆ ತಿಳಿಯುತ್ತದಲ್ಲ, ಹಾಗೆ. ಯಂತ್ರ ದಾರವನ್ನು ಸರಸರನೆ ನುಂಗಿತು. ಅದರ ಹಿಂದೆಯೇ ನಳಿಗೆಗಳನ್ನು ಒಂದೊಂದಾಗಿ ನೇರ ಹಿಡಿದು ಬಿಟ್ಟುಕೊಟ್ಟೆನು. ನಟ್ಟು ಬಿಗಿದು ಮತ್ತೆ ಹಾಕಿಸಿದಾಗ ಕೋಲು ಎಲ್ಲಿಯೂ ತಡೆಯದೆ ಏರಿತು.

ಮಾವನವರು ಹೊಗಳಲಿಲ್ಲ. "ಮೇಲೆ ಹೋದಮೇಲೆ ಕ್ಲಚ್ಚು ಅರ್ಧ ಸೆಕೆಂಡು ಹೆಚ್ಚು ಜಾರುತ್ತಿದೆ. ಇರಲಿ" ಎಂದು ಕೈ ಒರೆಸಿಕೊಂಡು ಮುಂದಿನ ಬಾಗಿಲ ಕಡೆಗೆ ನಡೆದರು. ಅಂದು ಊಟಕ್ಕೆ ಮೂರು ಸಲ ಕರೆಯಬೇಕಾಯಿತು.

ಗಾಡಿಯನ್ನು ಕೊಡುವ ಮಾತು ಮತ್ತೆ ಏಳಲಿಲ್ಲ. ನವೀಕರಣದ ಹಣ ಕಟ್ಟಿ, ಸಾರಿಗೆ ಕಚೇರಿಗೆ ಪರೀಕ್ಷೆಗೆ ಒಯ್ದವನು ಭಾವಮೈದುನನೇ. ನಾನು ಪಕ್ಕದಲ್ಲಿ ಕುಳಿತಿದ್ದೆನು. ಇನ್‌ಸ್ಪೆಕ್ಟರು ದೀಪ ನೋಡಿದರು, ಬ್ರೇಕು ನೋಡಿದರು, ಚಾಸಿಯ ಸಂಖ್ಯೆ ನೋಡಿದರು. ಅಷ್ಟರಲ್ಲಿ ಭಾವಮೈದುನ ಯಾರೂ ಕೇಳದಿದ್ದರೂ ರೇಡಿಯೊ ತಿರುಗಿಸಿದನು. ಕೋಲು ಝುಯ್ ಎಂದು ಮೇಲೆದ್ದಿತು.

"ಇದೂ ಕೆಲಸ ಮಾಡುತ್ತದೆ ಸಾರ್" ಎಂದನು.

"ಅದು ಫಾರಮ್ಮಿನಲ್ಲಿಲ್ಲ" ಎಂದು ಅವರು ಮುಂದಿನ ಗಾಡಿಯ ಕಡೆಗೆ ಹೊರಟರು. ನಾಲ್ಕು ಹೆಜ್ಜೆ ಹೋಗಿ, ಅದು ಇಳಿಯುವುದನ್ನು ನೋಡಲೆಂದು ಒಮ್ಮೆ ತಿರುಗಿ ನಿಂತರು.