ಭೀಮನಕೊಳ್ಳದಲ್ಲಿ ಮೀಸಲು ಸೀರೆ

ಯುಗಾದಿ ಸಮೀಪಿಸಿತೆಂದರೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಭಾಗದ ಸದ್ಭಕ್ತರು ಕಂಬಿ ಹೊತ್ತು ಶ್ರೀಶೈಲಕ್ಕೆ ಪಾದಯಾತ್ರೆ ಹೊರಡುವುದು ತಲೆತಲಾಂತರದ ಪರಿಪಾಠ. ಮರಗಾಲು ಕಟ್ಟಿಕೊಂಡು ನಡೆಯುವವರೂ ಉಂಟು. ಈ ಸೀಮೆಯವರಿಗೆ ಭ್ರಮರಾಂಬೆ ಮನೆಮಗಳು, ಮಲ್ಲಯ್ಯ ಅಳಿಯ. ಆದುದರಿಂದಲೇ ತವರಿನ ಸೀರೆ, ಅರಿಷಿಣ-ಕುಂಕುಮ ಒಯ್ಯುತ್ತಾರೆ.

ಬನಹಟ್ಟಿಯ ನಾಲ್ವರು ನೇಕಾರ ಗೆಳೆಯರು ಒಂದು ವರ್ಷ ಹೀಗೆಯೇ ಹೊರಟಿದ್ದರು. ಮಗಳ ಬೇನೆ ವಾಸಿಯಾದ ಹರಕೆಗೆಂದು ಅವರಲ್ಲೊಬ್ಬನು ತಾನೇ ನೇಯ್ದ ಸೀರೆಯನ್ನು ಮೀಸಲು ತೆಗೆದು, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಹೆಗಲಿಗೇರಿಸಿಕೊಂಡಿದ್ದನು.

ಆಂಧ್ರದ ಆತ್ಮಕೂರು ದಾಟಿ ನಲ್ಲಮಲೆಯ ಕಾಡು ಹೊಕ್ಕ ಮೇಲೆ ಕೊನೆಯ ದಿನದ ನಡಿಗೆಯೇ ಕಠಿಣ. ಭೀಮನಕೊಳ್ಳಕ್ಕೆ ಕಲ್ಲುಮೆಟ್ಟಿಲಿಳಿದು ಮತ್ತೆ ಕೈಲಾಸಬಾಗಿಲಿಗೆ ಏರಬೇಕು. ಅಂದು ಬಂಡೆಗಳು ಕಾದು ಅಂಗಾಲು ಸುಡುತ್ತಿದ್ದವು. ಮಧ್ಯಾಹ್ನದ ಹೊತ್ತಿಗೆ ಗಾಳಿ ನಿಂತಿತು. ಬೇಸಿಗೆಯ ಅಡ್ಡಮಳೆಯ ಲಕ್ಷಣ ಒಕ್ಕಲಿಗನಿಗೆ ಹೊಸದಲ್ಲ. ಆದರೆ ಕೊಳ್ಳದೊಳಗೆ ನಿಂತವನಿಗೆ ಮೋಡವು ನೆತ್ತಿಯ ಮೇಲೆ ಬರುವವರೆಗೆ ಕಾಣದು. ಗುಡುಗು, ಬಿರುಗಾಳಿ, ಆಲಿಕಲ್ಲು ಒಮ್ಮೆಲೇ ಎರಗಿದವು. ಮೆಟ್ಟಿಲುಗಳೇ ಹಳ್ಳವಾಗಿ ಹರಿದವು.

ಬಂಡೆಯ ಮರೆಯಲ್ಲಿ ಬೇರೊಂದು ತಂಡದ ವೃದ್ಧೆ ತೊಯ್ದು ಮುದ್ದೆಯಾಗಿ ಕುಳಿತಿದ್ದರು. ಹಲ್ಲು ಕಟಕಟಿಸುತ್ತಿದ್ದವು, ಮಾತು ತೊದಲುತ್ತಿತ್ತು. ಅಲ್ಲಿದ್ದವರ ಬಟ್ಟೆಯೆಲ್ಲ ಒದ್ದೆ; ಒಣಗಿದ್ದುದು ಆ ಸೀರೆಯೊಂದೇ. ನೇಕಾರನು ಗಂಟು ಬಿಚ್ಚತೊಡಗಿದಾಗ ಗೆಳೆಯನೊಬ್ಬನು ಕೈ ಹಿಡಿದನು.

“ತಾಯಿಗೆ ಮೀಸಲಾದದ್ದೋ ಅದು.”

“ಆಯಿ ನಡಗಾಕತ್ತಾಳಲ್ಲೋ.”

ತಡೆದವನನ್ನು ಹಳಿಯಲಾಗದು. ಮೀಸಲೆಂಬುದು ಸಣ್ಣ ಮಾತಲ್ಲ. ದೇವರಿಗೆಂದು ತೆಗೆದಿಟ್ಟುದನ್ನು ಮುಟ್ಟಲು ಅಂಜುವ ಮನಸ್ಸಿನಿಂದಲೇ ನೂರಾರು ಮೈಲಿಯ ನಡಿಗೆ ಸಾಧ್ಯವಾಗುತ್ತದೆ. ಆದರೆ 12ನೆಯ ಶತಮಾನದಲ್ಲಿ ಅಕ್ಕಮಹಾದೇವಿಯವರು ಉಟ್ಟ ಬಟ್ಟೆಯನ್ನೇ ತೊರೆದು, ಕೇಶವನ್ನೇ ಹೊದ್ದು ಇದೇ ಶ್ರೀಶೈಲಕ್ಕೆ ನಡೆದರೆಂಬುದನ್ನು ಸದ್ಭಕ್ತರು ಇಲ್ಲಿ ನೆನೆಯಬೇಕು. ಅವರ ಚೆನ್ನಮಲ್ಲಿಕಾರ್ಜುನನು ಸೀರೆಯ ಮಡಿಕೆ ಎಣಿಸುವವನಲ್ಲ. ದಾಸೋಹವೆಂದರೆ ಉಳಿದುದನ್ನು ಕೊಡುವುದಷ್ಟೇ ಆಗಿದ್ದರೆ ಶರಣರು ಅದಕ್ಕೆ ಅಷ್ಟು ದೊಡ್ಡ ಸ್ಥಾನ ಕೊಡುತ್ತಿರಲಿಲ್ಲ.

ಸೀರೆ ಬಿಚ್ಚಿತು. ತಡೆದ ಗೆಳೆಯನೇ ಅದನ್ನು ವೃದ್ಧೆಗೆ ಹೊದಿಸಿದನು. ಮಳೆ ನಿಂತ ಮೇಲೆ ನಾಲ್ವರೂ ಸರದಿಯಂತೆ ಅವರ ತೋಳು ಹಿಡಿದು, ಕತ್ತಲಾಗುವುದರೊಳಗೆ ಕೈಲಾಸಬಾಗಿಲು ಮುಟ್ಟಿಸಿದರು.

ಮರುದಿನ ಬೆಳಿಗ್ಗೆ ವೃದ್ಧೆಯೇ ಸೀರೆಯನ್ನು ಒಗೆದು, ಬಂಡೆಯ ಮೇಲೆ ಒಣಗಿಸಿ, ಮಡಚಿ ಕೊಟ್ಟರು. ಅಂಚಿನ ಕೆಮ್ಮಣ್ಣಿನ ಕಲೆ ಹೋಗಿರಲಿಲ್ಲ. ಪೇಟೆಯಲ್ಲಿ ಹೊಸದೊಂದು ಕೊಳ್ಳೋಣವೆಂದರೂ ಕೇಳದೆ ನೇಕಾರನು ಅದನ್ನೇ ಒಯ್ದು ಭ್ರಮರಾಂಬೆಗೆ ಅರ್ಪಿಸಿದನು.